ದೊಡ್ಡ ಕ್ಲಬ್ ಯಾವುದು, ಸಣ್ಣ ಕ್ಲಬ್ ಯಾವುದು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಶಾಲಾ ಮೈದಾನದಲ್ಲಿ ಏರ್ಪಡಿಸಿದ್ದ ಫುಟ್ಬಾಲ್ ಪಂದ್ಯಾಟದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಭಾಷಣ ಮಾಡಿ ಅಭ್ಯಾಸ ಇದ್ದವನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ತೋಟಕ್ಕೆ ಇಳಿದವನು. ಅಡಿಕೆಗೆ ಮದ್ದು ಬಿಡುವುದು, ದನಕ್ಕೆ ಹುಲ್ಲು ತರುವುದು, ಬೆಳಿಗ್ಗೆ ಸಂಜೆ ಡೈರಿಗೆ ಹಾಲು ತರುವುದು, ಇದರ ನಡುವೆ ನಿಮ್ಮೆಲ್ಲರ ಪ್ರೀತಿಯಿಂದ ಈ ಸಂಘದ ನಿರ್ದೇಶಕನೂ ಆಗಿದ್ದೇನೆ. ‘ಕ್ರೀಡೆ ಮತ್ತು ಸಹಕಾರ’ ಎಂಬ ವಿಷಯದಲ್ಲಿ ನಾಲ್ಕು ಮಾತು ಹೇಳಬೇಕೆಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಕ್ರೀಡೆಯಿಂದ ಆರೋಗ್ಯ, ಶಿಸ್ತು, ಸೌಹಾರ್ದ ಬೆಳೆಯುತ್ತದೆ ಎಂದು ಉದ್ಘಾಟಕರು ಈಗಾಗಲೇ ಚೆನ್ನಾಗಿ ಹೇಳಿಯಾಗಿದೆ. ಅದನ್ನೇ ನಾನು ಪುನಃ ಹೇಳಿದರೆ ಹಾಲಿಗೆ ನೀರು ಸೇರಿಸಿದ ಹಾಗೆ. ಡಿಗ್ರಿ ನೋಡುವ ಜನ ಎದುರಿಗೇ ಕುಳಿತಿದ್ದೀರಿ, ಗೊತ್ತಾಗಿ ಬಿಡುತ್ತದೆ.

ಆದ್ದರಿಂದ ಸಂಜೆ ಡೈರಿಯ ಜಗಲಿಯಲ್ಲಿ ನಡೆಯುವ ಒಂದು ಚರ್ಚೆಯನ್ನೇ ಇಲ್ಲಿಗೆ ತಂದಿದ್ದೇನೆ. ಹಾಲಿನ ಕ್ಯಾನ್ ಸಾಲಿನಲ್ಲಿ ಇಟ್ಟು ಹುಡುಗರು ಮಾತಿಗೆ ಸುರುಮಾಡುತ್ತಾರೆ. ಒಬ್ಬ ಬಾರ್ಸಿಲೋನಾದ ಅಂಗಿ ಹಾಕಿರುತ್ತಾನೆ, ಇನ್ನೊಬ್ಬ ಮ್ಯಾಂಚೆಸ್ಟರಿನದ್ದು, ಮತ್ತೊಬ್ಬ ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ರಜೆಗೆ ಬಂದವ, ಅವನದ್ದು ನೀಲಿ ಅಂಗಿ, ಬೆಂಗಳೂರು ಎಫ್‌ಸಿ. ‘ನಿಮ್ಮದು ಸಣ್ಣ ಕ್ಲಬ್’, ‘ನಿಮ್ಮದು ಈಗ ದೊಡ್ಡದಲ್ಲ’ ಎಂದು ವಾದ. ಕಡೆಗೆ ಎಲ್ಲರೂ ಒಂದು ವಿಷಯದಲ್ಲಿ ಮಾತ್ರ ಒಪ್ಪುತ್ತಾರೆ: ನಮ್ಮ ಊರಿನ ಕ್ಲಬ್ ಸಣ್ಣದು, ಅದರಲ್ಲಿ ಎಂತದೂ ಇಲ್ಲ. ಇದೇ ಹುಡುಗರಲ್ಲಿ ಕೆಲವರು ನಮ್ಮ ಸಂಘದ ಬಗ್ಗೆಯೂ ಇದೇ ಮಾತು ಹೇಳುತ್ತಾರೆ. ಹುಡುಗರು ಮಾತ್ರ ಅಲ್ಲ, ಹಿರಿಯರೂ ಹೇಳುತ್ತಾರೆ.

ಕೋಣಕ್ಕಾದರೆ ಹಲ್ಲು ನೋಡಿ ಪ್ರಾಯ ಹೇಳಬಹುದು. ಕಂಬಳದಲ್ಲಿ ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ವಿಭಾಗ ಮಾಡಿ ಓಡಿಸುತ್ತಾರೆ, ತಕರಾರು ಕಡಿಮೆ. ಒಂದು ಕ್ಲಬ್ಬನ್ನು, ಒಂದು ಸಂಘವನ್ನು ಹಿರಿಯ ಕಿರಿಯ ಎಂದು ಯಾವುದರಿಂದ ಅಳೆಯುವುದು?

ಹುಡುಗರ ಮೊದಲ ಉತ್ತರ, ಕಪ್. ಹೆಚ್ಚು ಕಪ್ ಗೆದ್ದವನು ದೊಡ್ಡವ. ಸರಿ, ನಮ್ಮ ರಾಜ್ಯದ್ದೇ ಒಂದು ಉದಾಹರಣೆ ತೆಗೆದುಕೊಳ್ಳುವ. ಹಿಂದೆ ಬೊಂಬಾಯಿಯಲ್ಲಿ ರೋವರ್ಸ್ ಕಪ್ ಎಂಬ ದೊಡ್ಡ ಪಂದ್ಯಾಟ ಇತ್ತು. 1891ರಲ್ಲಿ ಆರಂಭವಾದದ್ದು. ಬ್ರಿಟಿಷ್ ಸೈನ್ಯದ ತಂಡಗಳೇ ಅದನ್ನು ವರ್ಷ ವರ್ಷ ಎತ್ತಿಕೊಂಡು ಹೋಗುತ್ತಿದ್ದವು. 1937ರಲ್ಲಿ ಅದನ್ನು ಮೊದಲ ಸಲ ಒಂದು ಭಾರತೀಯ ತಂಡ ಗೆದ್ದಿತು. ಅದು ಕಲ್ಕತ್ತೆಯದ್ದಲ್ಲ, ಬೊಂಬಾಯಿಯದ್ದೂ ಅಲ್ಲ, ನಮ್ಮ ಬೆಂಗಳೂರಿನ ‘ಬೆಂಗಳೂರು ಮುಸ್ಲಿಮ್ಸ್’ ತಂಡ. ಒಮ್ಮೆ ಅದೃಷ್ಟದಿಂದ ಗೆದ್ದದ್ದು ಎಂದು ಹೇಳಲಿಕ್ಕಾಗುವುದಿಲ್ಲ, 1938ರಲ್ಲಿ ಪುನಃ ಗೆದ್ದರು. ಈ ಮೈದಾನದಲ್ಲಿರುವ ಎಷ್ಟು ಮಂದಿ ಆ ಹೆಸರು ಕೇಳಿದ್ದೀರಿ, ಕೈ ಎತ್ತಿ. ... ಯಾರೂ ಇಲ್ಲ. ಕಪ್ ಮಾತ್ರವೇ ದೊಡ್ಡಸ್ತಿಕೆ ಕೊಡುವುದಾದರೆ ಇಡೀ ಕರ್ನಾಟಕಕ್ಕೆ ಆ ಹೆಸರು ಬಾಯಿಪಾಠ ಇರಬೇಕಿತ್ತು.

ಈಗ ಕಲ್ಕತ್ತೆಯ ಮೋಹನ್ ಬಗಾನ್ ನೋಡಿ. 1889ರಲ್ಲಿ ಹುಟ್ಟಿದ ಕ್ಲಬ್. 1911ರ ಜುಲೈ 29ರಂದು ಐಎಫ್‌ಎ ಶೀಲ್ಡ್ ಫೈನಲಿನಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ಎಂಬ ಬ್ರಿಟಿಷ್ ಸೈನ್ಯದ ತಂಡವನ್ನು 2-1ರಿಂದ ಸೋಲಿಸಿತು. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲಿನಲ್ಲಿ ಆಡಿದವರು, ಎದುರಿನವರೆಲ್ಲ ಬೂಟಿನವರು. ನಮ್ಮವರ ಕಾಲು ಹೇಗಾಗಿರಬಹುದು ಎಂದು ಗದ್ದೆಯಲ್ಲಿ ಕಾಲು ಒಡೆಸಿಕೊಂಡವರಿಗೆ ಗೊತ್ತು. ಆ ದಿನವನ್ನು ಈಗಲೂ ಮೋಹನ್ ಬಗಾನ್ ದಿನ ಎಂದು ಆಚರಿಸುತ್ತಾರೆ. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಅದರ ನಂತರದ್ದು ಹೆಚ್ಚು ಜನ ಹೇಳುವುದಿಲ್ಲ. ಅದೇ ಶೀಲ್ಡನ್ನು ಅವರು ಎರಡನೇ ಸಲ ಗೆದ್ದದ್ದು 1947ರಲ್ಲಿ. ಎಷ್ಟು ವರ್ಷವಾಯಿತು? ಮೂವತ್ತಾರು. ಮೂವತ್ತಾರು ವರ್ಷ ಆ ಶೀಲ್ಡ್ ಇಲ್ಲದೆಯೂ ಆ ಕ್ಲಬ್ ಸಣ್ಣದಾಗಲಿಲ್ಲ, ದೊಡ್ಡದಾಯಿತು. ಅಪ್ಪ ಮಗನನ್ನು ಮೈದಾನಕ್ಕೆ ಕರಕೊಂಡು ಹೋದ, ಮಗ ತನ್ನ ಮಗನನ್ನು ಕರಕೊಂಡು ಹೋದ. ಸೋತರೂ ಹೋದರು.

ಇದರ ಇನ್ನೊಂದು ತುದಿ ಈಚಿನದು. 2020ರಲ್ಲಿ ಒಂದು ದೊಡ್ಡ ಕಂಪೆನಿ ಮೋಹನ್ ಬಗಾನ್ ಫುಟ್ಬಾಲ್ ತಂಡದ ನೂರಕ್ಕೆ ಎಂಬತ್ತು ಪಾಲು ತೆಗೆದುಕೊಂಡಿತು. ಕಂಪೆನಿಗೆ ಮೊದಲೇ ಎಟಿಕೆ ಎಂಬ ತಂಡ ಇದ್ದ ಕಾರಣ ಎರಡನ್ನೂ ಸೇರಿಸಿ ‘ಎಟಿಕೆ ಮೋಹನ್ ಬಗಾನ್’ ಎಂದು ಹೆಸರಿಟ್ಟರು. ಹಣ ಬಂತು, ಒಳ್ಳೆಯ ಆಟಗಾರರು ಬಂದರು. ಆದರೂ ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ಮುಂದಿನ ಮೂರು ಅಕ್ಷರ ತೆಗೆಯಿರಿ ಎಂದು ಬ್ಯಾನರ್ ಹಿಡಿದು ನಿಂತರು. ಗೆದ್ದಾಗಲೂ ಹಿಡಿದರು, ಅದು ಮುಖ್ಯ. 2023ರ ಮಾರ್ಚಿನಲ್ಲಿ ಗೋವೆಯಲ್ಲಿ ನಡೆದ ಐಎಸ್‌ಎಲ್ ಫೈನಲಿನಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಎತ್ತಿದ ದಿನವೇ ಮಾಲಕರು ಆ ಮೂರು ಅಕ್ಷರ ತೆಗೆಯುತ್ತೇವೆ ಎಂದು ಘೋಷಿಸಬೇಕಾಯಿತು. ನೂರರಲ್ಲಿ ಎಂಬತ್ತು ಪಾಲಿರುವ ಯಜಮಾನ, ಪಾಲೇ ಇಲ್ಲದ ಜನರ ಮಾತು ಕೇಳಿದ. ಇದನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು. ಸೋತದ್ದು ಬೆಂಗಳೂರು ಎಂಬ ಬೇಸರ ಇತ್ತು, ಅದು ಬೇರೆ.

ಎರಡನೇ ಉತ್ತರ, ಹಣ. ಹಣ ಇದ್ದ ಕ್ಲಬ್ ದೊಡ್ಡದು. ಹಣ ಬೇಡ ಎಂದು ನಾನು ಹೇಳುವುದಿಲ್ಲ. ಹಿಂಡಿಗೆ ಹಣ ಇಲ್ಲದೆ ದನ ಹಾಲು ಕೊಡುವುದಿಲ್ಲ. ಆದರೆ ಒಬ್ಬನ ಹಣದ ಮೇಲೆ ನಿಂತ ಕ್ಲಬ್ಬಿನ ಗತಿ ಏನಾಗುತ್ತದೆ ಎಂದು ನಮ್ಮ ದೇಶದಲ್ಲೇ ನೋಡಿದ್ದೇವೆ. ಪಂಜಾಬಿನ ಜೆಸಿಟಿ, ಬಟ್ಟೆಯ ಮಿಲ್ಲಿನವರ ತಂಡ. 1996-97ರಲ್ಲಿ ರಾಷ್ಟ್ರೀಯ ಫುಟ್ಬಾಲ್ ಲೀಗ್ ಮೊದಲ ಸಲ ನಡೆದಾಗ ಚಾಂಪಿಯನ್ ಆದದ್ದು ಅವರೇ. 2011ರಲ್ಲಿ ತಂಡವನ್ನು ಮುಚ್ಚಿದರು. ಬೊಂಬಾಯಿಯ ಮಹೀಂದ್ರ ಯುನೈಟೆಡ್ 2005-06ರಲ್ಲಿ ಅದೇ ಲೀಗ್ ಗೆದ್ದಿತು, 2010ರಲ್ಲಿ ಮುಚ್ಚಿತು. ಆಟಗಾರರು ಕೆಟ್ಟವರಾದದ್ದಲ್ಲ. ಕಂಪೆನಿಯ ಆಫೀಸಿನಲ್ಲಿ ಒಂದು ಸಹಿ ಬಿತ್ತು, ಅಷ್ಟೆ. ಊರಿನವರನ್ನು, ನೋಡಲು ಬರುವವರನ್ನು ಯಾರೂ ಕೇಳಲಿಲ್ಲ. ಕೇಳುವ ಕ್ರಮವೇ ಅಲ್ಲಿ ಇರಲಿಲ್ಲ.

ನಮ್ಮ ಯಕ್ಷಗಾನದಲ್ಲೂ ಇದೇ ಕಥೆ. ಹಿರಿಯರಿಗೆ ನೆನಪಿರಬಹುದು, ಡೇರೆ ಮೇಳಗಳ ಕಾಲ. ಸುರತ್ಕಲ್ ಮೇಳ, ಕರ್ನಾಟಕ ಮೇಳ ಬಂದರೆ ಟಿಕೆಟಿಗೆ ನೂಕುನುಗ್ಗಲು. ಎಂತೆಂತಹ ಕಲಾವಿದರು ಅಲ್ಲಿದ್ದರು! ಆ ಎರಡೂ ಮೇಳಗಳು ಈಗ ಇಲ್ಲ. ಕಟೀಲು ಮೇಳ ಉಂಟು, ಒಂದಲ್ಲ, ಹಲವು ಮೇಳವಾಗಿ ಉಂಟು. ಅಲ್ಲಿ ಟಿಕೆಟ್ ಇಲ್ಲ, ಹರಕೆ ಆಟ. ಈಗ ಹೆಸರು ಬರೆಸಿದರೆ ಎಷ್ಟೋ ವರ್ಷ ಕಾಯಬೇಕು. ಡೇರೆ ಮೇಳವನ್ನು ಜನ ನೋಡಿದರು, ಹರಕೆ ಮೇಳವನ್ನು ಜನ ತಮ್ಮ ಅಂಗಳಕ್ಕೆ ಕರೆದರು. ವ್ಯತ್ಯಾಸ ಅಷ್ಟೆ ಎಂದು ನನ್ನ ಅಭಿಪ್ರಾಯ. ಕಲೆಯ ಗುಣಮಟ್ಟದ ಲೆಕ್ಕ ಬೇರೆ, ಅದರ ಬಗ್ಗೆ ಮಾತಾಡಲು ತಿಳಿದವರು ಇಲ್ಲೇ ಇದ್ದಾರೆ.

ಬೆಂಗಳೂರು ಎಫ್‌ಸಿಯ ವಿಷಯಕ್ಕೆ ಬರುತ್ತೇನೆ, ನೀಲಿ ಅಂಗಿಯವರು ಸಿಟ್ಟಾಗಬೇಡಿ. ಬೆಂಗಳೂರಿಗೆ ಫುಟ್ಬಾಲ್ ಹೊಸತಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಹಲಸೂರು ಹತ್ತಿರದ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಐಟಿಐ, ಎಚ್‌ಎಎಲ್ ಎಂಬ ಕಾರ್ಖಾನೆ ತಂಡಗಳು ಎಷ್ಟೋ ವರ್ಷ ನಮ್ಮ ರಾಜ್ಯದ ಆಟವನ್ನು ಹೊತ್ತುಕೊಂಡವು. ಎಚ್‌ಎಎಲ್ 2010-11, 2011-12ರಲ್ಲಿ ಐ-ಲೀಗಿನಲ್ಲಿ ಆಡಿತು, ಮತ್ತೆ ಕೆಳಗಿಳಿಯಿತು. ನೋಡಲಿಕ್ಕೆ ಜನ ಇರಲಿಲ್ಲ. 2013ರಲ್ಲಿ ಜೆಎಸ್‌ಡಬ್ಲ್ಯು ಕಂಪೆನಿ ಬೆಂಗಳೂರು ಎಫ್‌ಸಿಯನ್ನು ಕಟ್ಟಿತು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು, ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಅಷ್ಟು ದೂರ ಹೋಗಿರಲಿಲ್ಲ. 2018-19ರಲ್ಲಿ ಐಎಸ್‌ಎಲ್ ಗೆದ್ದಿತು. ಇಷ್ಟಕ್ಕೇ ಅದು ದೊಡ್ಡದೆಂದು ನಾನು ಒಪ್ಪುವುದಿಲ್ಲ. ಕಂಠೀರವ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ತೊಂಬತ್ತು ನಿಮಿಷ ಕುಳಿತುಕೊಳ್ಳದೆ ಹಾಡುವ ಹುಡುಗರು ಇದ್ದಾರಲ್ಲ, ಅವರಿಂದ ಅದು ದೊಡ್ಡದಾಗುತ್ತಾ ಉಂಟು. ಕಂಪೆನಿ ಹಣ ಕೊಟ್ಟಿತು, ಹಾಡು ಅವರದ್ದೇ.

ಆದರೆ 2025ರಲ್ಲಿ ಏನಾಯಿತು? ಐಎಸ್‌ಎಲ್ ನಡೆಸುವ ಒಪ್ಪಂದ ಮುಗಿಯುತ್ತಾ ಬಂದು, ಮುಂದಿನದ್ದು ಇತ್ಯರ್ಥವಾಗದೆ, ಲೀಗ್ ಸಮಯಕ್ಕೆ ಆರಂಭವಾಗಲಿಲ್ಲ. ಆಗಸ್ಟ್ ತಿಂಗಳಲ್ಲಿ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಗಳ ಸಂಬಳವನ್ನು ನಿಲ್ಲಿಸಿದ್ದೇವೆ ಎಂದು ಪ್ರಕಟಣೆ ಕೊಟ್ಟಿತು. ಇಷ್ಟು ದೊಡ್ಡ ಕ್ಲಬ್! ಒಂದು ಕಾಗದದ ಅವಧಿ ಮುಗಿದದ್ದಕ್ಕೆ ಈ ಅವಸ್ಥೆ. ಕೆಎಂಎಫ್ ಹಾಲು ತೆಗೆದುಕೊಳ್ಳುವುದನ್ನು ನಾಳೆಯಿಂದ ನಿಲ್ಲಿಸಿದರೆ ನಮ್ಮ ಗತಿ ಏನು ಎಂದು ಯೋಚಿಸಿ ನೋಡಿ, ಅವರ ಕಷ್ಟ ನಿಮಗೆ ಅರ್ಥವಾಗುತ್ತದೆ.

ಅದೇ ವೇಳೆ ಇನ್ನೊಂದು ಲೆಕ್ಕವನ್ನೂ ಹೇಳಬೇಕು. 2023ರ ಮಾರ್ಚ್ 4ರಂದು ಸೌದಿಯ ರಿಯಾದಿನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಪ್ರಶಸ್ತಿ ಗೆದ್ದಿತು. ಹಿಂದಿನ ಸಲ ಗೆದ್ದದ್ದು 1968-69ರಲ್ಲಿ, ಆಗ ರಾಜ್ಯದ ಹೆಸರು ಮೈಸೂರು. ರಿಯಾದಿನಲ್ಲಿ ಆಡಿದ ಹುಡುಗರು ಟಿವಿಯ ದೊಡ್ಡ ತಾರೆಗಳಲ್ಲ. ಬೆಂಗಳೂರಿನ ಸ್ಥಳೀಯ ಲೀಗಿನ ಕ್ಲಬ್ಬುಗಳಲ್ಲಿ ಬೆಳೆದವರೇ ಹೆಚ್ಚು. ಆ ಕ್ಲಬ್ಬುಗಳ ಅಂಗಿ ಹಾಕಿಕೊಂಡು ನಮ್ಮ ಡೈರಿಯ ಜಗಲಿಯಲ್ಲಿ ಯಾರೂ ನಿಲ್ಲುವುದಿಲ್ಲ.

ಮೂರನೇ ಉತ್ತರ, ಅಭಿಮಾನಿಗಳ ಲೆಕ್ಕ. ಮೊಬೈಲಿನಲ್ಲಿ ಇಷ್ಟು ಕೋಟಿ ಜನ ಎಂದು ತೋರಿಸುತ್ತಾರೆ. 2018ರ ಜೂನಿನಲ್ಲಿ ಮುಂಬೈಯಲ್ಲಿ ಭಾರತ ತಂಡದ ಪಂದ್ಯ ಇತ್ತು. ಮೊದಲ ಪಂದ್ಯದಲ್ಲಿ ಭಾರತ 5-0ಯಿಂದ ಗೆದ್ದರೂ ನೋಡಲು ಬಂದವರು ಎರಡೂವರೆ ಸಾವಿರದಷ್ಟು ಮಂದಿ ಮಾತ್ರ. ನಾಯಕ ಸುನಿಲ್ ಚೆಟ್ರಿ ಒಂದು ವಿಡಿಯೋ ಮಾಡಿ ಕೇಳಿಕೊಂಡರು. ಯುರೋಪಿನ ಕ್ಲಬ್ಬುಗಳ ಅಭಿಮಾನಿಗಳೇ, ನಮ್ಮ ಆಟ ಆ ಮಟ್ಟದ್ದಲ್ಲ, ನಮಗೂ ಗೊತ್ತು, ಆದರೂ ಬನ್ನಿ, ಬೈಯಲಿಕ್ಕಾದರೂ ಮೈದಾನಕ್ಕೆ ಬನ್ನಿ ಎಂಬ ಅರ್ಥದ ಮಾತು. ಮುಂದಿನ ಪಂದ್ಯಕ್ಕೆ ಮೈದಾನ ತುಂಬಿತು. ದೇಶದ ನಾಯಕ ಕೈಮುಗಿದು ಕರೆಯಬೇಕಾಯಿತು ಎನ್ನುವುದು ಬೇಸರದ ಸಂಗತಿ. ಕರೆದರೆ ಬರುತ್ತಾರೆ ಎನ್ನುವುದು ಸಮಾಧಾನ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಊರಿಗೆ ಹೋಗುವ. ಸಹಕಾರಿಗಳಾದ ನಮಗೆ ಅದು ಕಾಶಿಯಂತಹ ಊರು. ಇಂಗ್ಲೆಂಡಿನ ರೋಚ್‌ಡೇಲ್. ತರಬೇತಿಗೆ ಹೋದ ನಿರ್ದೇಶಕರಿಗೆಲ್ಲ ಆ ಹೆಸರು ಗೊತ್ತು. 1844ರಲ್ಲಿ ಅಲ್ಲಿ 28 ಮಂದಿ, ನೇಕಾರರು ಮತ್ತು ಬಡ ಕೆಲಸಗಾರರು, ತಲೆಗೆ ಒಂದೊಂದು ಪೌಂಡಿನಂತೆ ಪಾಲು ಹಾಕಿ ಸಣ್ಣ ಅಂಗಡಿ ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದಬತ್ತಿ, ಇಷ್ಟೇ ಸಾಮಾನು. ತೂಕ ಸರಿ, ಕಲಬೆರಕೆ ಇಲ್ಲ, ಪಾಲು ಎಷ್ಟೇ ಇರಲಿ ಒಬ್ಬನಿಗೆ ಒಂದೇ ಓಟು. ಮುಂದೆ ಈ ಕ್ರಮ ಲೋಕಕ್ಕೆಲ್ಲ ಹಬ್ಬಿತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು, ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ನಮ್ಮ ಜಿಲ್ಲೆಗೆ ಸಹಕಾರದ ದಾರಿ ತೋರಿಸಿದ್ದು, ಎಲ್ಲದರ ಹಿಂದೆ ಆ 28 ಮಂದಿಯ ನೆನಪು ಉಂಟು.

ಈ ಊರಿನಲ್ಲಿ 1907ರಿಂದ ಒಂದು ಫುಟ್ಬಾಲ್ ಕ್ಲಬ್ಬೂ ಉಂಟು. ಲೋಕಕ್ಕೆಲ್ಲ ಗೊತ್ತಿರುವ ಮ್ಯಾಂಚೆಸ್ಟರ್ ಅಲ್ಲಿಂದ ಬಂಟ್ವಾಳ-ಮಂಗಳೂರಿನಷ್ಟು ದೂರವೂ ಇಲ್ಲ. ಅಷ್ಟು ದೊಡ್ಡ ಮರದ ನೆರಳಿನಲ್ಲಿ ಈ ಗಿಡ ಬೆಳೆಯಿತು ಎಂದರೆ ತಪ್ಪು, ಬೆಳೆಯಲೇ ಇಲ್ಲ. ಇಂಗ್ಲೆಂಡಿನ ಲೀಗಿನಲ್ಲಿ ನಾಲ್ಕು ಮೆಟ್ಟಲು ಇದೆ ಎಂದಿಟ್ಟುಕೊಳ್ಳಿ. ರೋಚ್‌ಡೇಲ್ ಒಮ್ಮೆಯೂ ಮೂರನೆಯದಕ್ಕಿಂತ ಮೇಲೆ ಏರಿಲ್ಲ. 1974ರಿಂದ 2010ರವರೆಗೆ 36 ವರ್ಷ ಸತತವಾಗಿ ಕೊನೆಯ ಮೆಟ್ಟಲಿನಲ್ಲೇ ಕುಳಿತಿತ್ತು. ತಮಾಷೆಗೆ ಆ ಮೆಟ್ಟಲಿಗೇ ರೋಚ್‌ಡೇಲಿನ ಹೆಸರು ಇಟ್ಟಿದ್ದರಂತೆ. ಆದರೂ ಜನ ಬಂದು ನೋಡುತ್ತಿದ್ದರು. ಮ್ಯಾಂಚೆಸ್ಟರಿಗೆ ಬಸ್ಸು ಇರಲಿಲ್ಲ ಎಂದಲ್ಲ.

ಪಕ್ಕದ ಊರು ಬೆರಿ. ಅಲ್ಲಿನ ಕ್ಲಬ್ ರೋಚ್‌ಡೇಲಿಗಿಂತ ದೊಡ್ಡ ಹೆಸರಿನದು. 1900ರಲ್ಲಿ, 1903ರಲ್ಲಿ ಎಫ್‌ಎ ಕಪ್ ಗೆದ್ದದ್ದು, 1903ರ ಫೈನಲಿನಲ್ಲಿ 6-0! ಈ ಕ್ಲಬ್ 2018ರ ಕೊನೆಗೆ ಒಬ್ಬ ಉದ್ಯಮಿಯ ಕೈಗೆ ಹೋಯಿತು. ಕ್ರಯ ಎಷ್ಟು? ಒಂದು ಪೌಂಡ್. ರೋಚ್‌ಡೇಲಿನ ನೇಕಾರನೊಬ್ಬ ಸಂಘಕ್ಕೆ ಹಾಕಿದ ಪಾಲು ಎಷ್ಟೋ ಅಷ್ಟಕ್ಕೇ ಒಂದು ಇಡೀ ಕ್ಲಬ್ ಮಾರಾಟ. ಸಾಲ ತೀರಿಸುವ ದಾರಿ ತೋರಿಸಲು ಆಗಲಿಲ್ಲ ಎಂದು 2019ರ ಆಗಸ್ಟಿನಲ್ಲಿ ಬೆರಿಯನ್ನು ಲೀಗಿನಿಂದಲೇ ಹೊರಗೆ ಹಾಕಿದರು. 134 ವರ್ಷ ಹಳೆಯ ಕ್ಲಬ್. ಬಳಿಕ ಅಲ್ಲಿಯ ಜನರೇ ಸೇರಿ ತೀರ ಕೆಳಗಿನ ಲೀಗಿನಿಂದ ಪುನಃ ಕಟ್ಟುತ್ತಿದ್ದಾರೆ.

ಹಾಗಾದರೆ ಜನರ ಕೈಯಲ್ಲಿದ್ದರೆ ಸಾಕು, ಎಲ್ಲ ಸರಿ ಎಂದು ಹೇಳಿ ನಾನು ಚಪ್ಪಾಳೆ ಗಿಟ್ಟಿಸಬಹುದು. ಆದರೆ ಅದು ಪೂರ್ತಿ ಸತ್ಯ ಅಲ್ಲ. ರೋಚ್‌ಡೇಲ್ ಕ್ಲಬ್ ಒಬ್ಬ ಯಜಮಾನನ ಸ್ವತ್ತಾಗಿರಲಿಲ್ಲ, ಅಭಿಮಾನಿಗಳ ಪಾಲು ಅದರಲ್ಲಿ ಇತ್ತು. ಆದರೂ 102 ವರ್ಷ ಇದ್ದ ಲೀಗಿನಿಂದ 2023ರಲ್ಲಿ ಕೆಳಗೆ ಬಿತ್ತು. 2024ರಲ್ಲಿ ಹಣವಿಲ್ಲದೆ ಬೀಗ ಹಾಕುವ ಸ್ಥಿತಿಗೆ ಬಂತು. ಕಡೆಗೆ ಆ ಊರಿನ ಮೂಲದ ಒಂದು ಶ್ರೀಮಂತ ಕುಟುಂಬ ಹೆಚ್ಚಿನ ಪಾಲು ತೆಗೆದುಕೊಂಡು ಉಳಿಸಿತು. ಬಾರ್ಸಿಲೋನಾ ಕ್ಲಬ್ಬಂತೂ ಸಹಕಾರಿ ಸಂಘದ ಹಾಗೆಯೇ. 1899ರಲ್ಲಿ ಹುಟ್ಟಿದ್ದು, ಮಾಲಕ ಎಂದು ಯಾರೂ ಇಲ್ಲ, ಒಂದು ಲಕ್ಷಕ್ಕಿಂತ ಹೆಚ್ಚು ಸದಸ್ಯರು, ಅಧ್ಯಕ್ಷನನ್ನು ಅವರೇ ಓಟು ಹಾಕಿ ಆರಿಸುತ್ತಾರೆ. ಅಷ್ಟಿದ್ದೂ 2021ರಲ್ಲಿ ಹೊಸ ಅಧ್ಯಕ್ಷರು ಲೆಕ್ಕ ತೆಗೆದಾಗ ಸಾಲ 135 ಕೋಟಿ ಯೂರೋ! ಅದೇ ಆಗಸ್ಟಿನಲ್ಲಿ ಮೆಸ್ಸಿ ಕಣ್ಣೀರು ಹಾಕಿಕೊಂಡು ಕ್ಲಬ್ ಬಿಟ್ಟ. ಬಾರ್ಸಿಲೋನಾ ಅಂಗಿಯ ಹುಡುಗರಿಗೆ ಆ ದಿನ ಚೆನ್ನಾಗಿ ನೆನಪಿದೆ, ನಾಲ್ಕು ದಿನ ಸರಿಯಾಗಿ ಹಾಲು ಕರೆದಿರಲಿಕ್ಕಿಲ್ಲ. ಸದಸ್ಯರು ಕಪ್ ನೋಡಿ ಓಟು ಹಾಕಿದರು, ಆಡಿಟ್ ವರದಿ ಓದಲಿಲ್ಲ. ನಮ್ಮ ಮಹಾಸಭೆಯಲ್ಲೂ ಆಡಿಟ್ ವರದಿ ಓದುವ ಹೊತ್ತಿಗೆ ಎಷ್ಟು ಜನ ಚಾ ಕುಡಿಯಲಿಕ್ಕೆ ಏಳುತ್ತಾರೆ ಎಂಬುದು ಕಾರ್ಯದರ್ಶಿಗಳಿಗೆ ಗೊತ್ತು.

ಈಗ ನಮ್ಮ ಆಸುಪಾಸಿಗೆ ಬರುವ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮಳೆ ಹೋದ ಮೇಲೆ ಪ್ರತಿ ಶನಿವಾರ ಒಂದಲ್ಲ ಒಂದು ಊರಿನಲ್ಲಿ ಹೊನಲು ಬೆಳಕಿನ ಪಂದ್ಯಾಟ. ಕಬಡ್ಡಿ, ವಾಲಿಬಾಲ್, ಈಗ ಫುಟ್ಬಾಲ್ ಕೂಡ. ಬಹುಮಾನದ ಮೊತ್ತ ಏರುತ್ತಾ ಹೋದ ಹಾಗೆ ಅತಿಥಿ ಆಟಗಾರರು ಬರಲಿಕ್ಕೆ ಸುರುವಾಯಿತು. ಒಂದು ಕ್ಲಬ್ ಇತ್ತು, ಹೆಸರು ಬೇಡ. ಮೂರು ನಾಲ್ಕು ವರ್ಷ ಎಲ್ಲಿ ಹೋದರೂ ಕಪ್ ಅವರದ್ದೇ. ಆಡುವವರೆಲ್ಲ ಹೊರಗಿನವರು, ಖರ್ಚು ಗಲ್ಫಿನಲ್ಲಿದ್ದ ಒಬ್ಬರದ್ದು. ಊರಿನ ಹುಡುಗರು ನೀರಿನ ಬಾಟ್ಲಿ ಹಿಡಿದು ಗೆರೆಯ ಹೊರಗೆ. ಆ ಮಹನೀಯರು ಕೆಲಸ ಬಿಟ್ಟು ಊರಿಗೆ ಬಂದರು, ಖರ್ಚು ನಿಂತಿತು, ಅತಿಥಿಗಳು ಬೇರೆ ಕ್ಲಬ್ಬಿನ ಅತಿಥಿಗಳಾದರು. ಕಪ್ಪುಗಳೆಲ್ಲ ಈಗ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯ ಅಟ್ಟದಲ್ಲಿ ಉಂಟು. ಊರಿನಲ್ಲಿ ಚೆಂಡು ಒದೆಯುವವರು ಯಾರೂ ಇಲ್ಲ.

ಕಂಬಳ ಇದಕ್ಕೆ ಉಲ್ಟಾ. ಮೂಡುಬಿದಿರೆಯ ಕೋಟಿ-ಚೆನ್ನಯ, ಹೊಕ್ಕಾಡಿಗೋಳಿಯ ವೀರ-ವಿಕ್ರಮ, ವೇಣೂರಿನ ಸೂರ್ಯ-ಚಂದ್ರ, ಎಲ್ಲ ಜೋಡುಕರೆಗಳೂ 2014ರ ಸುಪ್ರೀಂ ಕೋರ್ಟ್ ತೀರ್ಪು, 2016ರ ಹೈಕೋರ್ಟ್ ತಡೆ ಇವುಗಳಿಂದ ನಿಲ್ಲುವ ಹಂತಕ್ಕೆ ಬಂದವು. ಕೋಣ ಸಾಕುವವರು ಕೋಣಗಳನ್ನು ಮಾರಿ ಕೈತೊಳೆದುಕೊಳ್ಳಬಹುದಿತ್ತು. ಒಂದು ಜೊತೆ ಕೋಣ ಸಾಕುವ ಖರ್ಚು ಎಷ್ಟೆಂದು ಇಲ್ಲಿ ಸಾಕಿದವರೇ ಹೇಳಲಿ. ಅವರು ಹುರುಳಿ ಬೇಯಿಸುವುದನ್ನು ನಿಲ್ಲಿಸಲಿಲ್ಲ. 2017ರ ಜನವರಿಯಲ್ಲಿ ಮೂಡುಬಿದಿರೆಗೆ ಕೋಣಗಳನ್ನೇ ಕರಕೊಂಡು ಬಂದು ಜನ ಪ್ರತಿಭಟನೆ ಮಾಡಿದರು. ಕಾನೂನು ತಿದ್ದುಪಡಿಯಾಗಿ 2018ರಲ್ಲಿ ರಾಷ್ಟ್ರಪತಿಯ ಅಂಕಿತ ಬಿತ್ತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಅದನ್ನು ಎತ್ತಿ ಹಿಡಿಯಿತು. ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ಜನ ಲಕ್ಷಗಟ್ಟಲೆ ಎಂದು ಪತ್ರಿಕೆಗಳು ಬರೆದವು. ಅದು ದೊಡ್ಡ ಕಂಬಳವೇ, ಸಂಶಯ ಇಲ್ಲ. ಆದರೆ ಓಟ ನಿಂತಿದ್ದಾಗ ಹಟ್ಟಿಯಲ್ಲಿ ಕೋಣಕ್ಕೆ ಎಣ್ಣೆ ಹಚ್ಚಿದವರು ಇಲ್ಲದಿದ್ದರೆ ಬೆಂಗಳೂರಿಗೆ ಲಾರಿಯಲ್ಲಿ ತುಂಬಿಸಲು ಕೋಣ ಎಲ್ಲಿಂದ ಬರುತ್ತಿತ್ತು?

ಇಷ್ಟು ಹೇಳಿದ ಮೇಲೆ ನಮ್ಮ ಸಂಘದ ಎದುರು ಇರುವ ಎರಡು ವಿಷಯ ಹೇಳದಿದ್ದರೆ ನಾನು ನಿರ್ದೇಶಕ ಎಂದು ಹೇಳಿಕೊಳ್ಳುವುದರಲ್ಲಿ ಅರ್ಥ ಇಲ್ಲ. ಆಡಳಿತ ಮಂಡಳಿಯಲ್ಲಿ ಇದರ ಬಗ್ಗೆ ಒಮ್ಮತ ಇಲ್ಲ, ನಾನು ಹೇಳುವುದು ನನ್ನ ಅಭಿಪ್ರಾಯ ಮಾತ್ರ. ಅಧ್ಯಕ್ಷರ ಅನುಮತಿ ಕೇಳಿಯೇ ಹೇಳುತ್ತಿದ್ದೇನೆ.

ಮೊದಲನೆಯದು, ನಮ್ಮ ಸಂಘವನ್ನು ಪಕ್ಕದ ದೊಡ್ಡ ಸಂಘದ ಜೊತೆ ಸೇರಿಸಬೇಕು ಎಂಬ ಮಾತು. ಹಾಲು ಕಡಿಮೆಯಾಗಿದೆ, ಇದು ಸುಳ್ಳಲ್ಲ. ಹುಲ್ಲು ಬೆಳೆಯುತ್ತಿದ್ದ ಗುಡ್ಡೆಗೆ ರಬ್ಬರ್ ಬಂತು, ಗದ್ದೆಗೆ ಅಡಿಕೆ ಬಂತು, ಮಕ್ಕಳು ಬೆಂಗಳೂರಿಗೆ, ಗಲ್ಫಿಗೆ ಹೋದರು, ಮನೆಯಲ್ಲಿ ಉಳಿದ ಹಿರಿಯರು ದನ ಮಾರಿದರು. ಸದಸ್ಯರ ಪಟ್ಟಿ ಉದ್ದ ಉಂಟು, ಹಾಲು ಹಾಕುವವರ ಪಟ್ಟಿ ಗಿಡ್ಡ. ಸೇರಿಸಿದರೆ ಖರ್ಚು ಉಳಿಯುತ್ತದೆ ಎಂದು ಹೇಳುವವರ ಲೆಕ್ಕ ತಪ್ಪೆಂದು ನಾನು ಹೇಳುವುದಿಲ್ಲ. ನಾನು ಕೇಳುವುದು ಒಂದೇ. ಮಳೆಗಾಲದಲ್ಲಿ ಎರಡು ಲೀಟರ್ ಹಾಲು ಹಿಡಿದು, ಕೊಡೆ ಹಿಡಿದು, ಸಂಕ ದಾಟಿ ಬರುವ ನಮ್ಮ ಮೇಲಿನ ಮನೆಯ ಅಕ್ಕ, ನಾಲ್ಕು ಮೈಲು ದೂರದ ಡೈರಿಗೆ ಹೋಗುತ್ತಾರೋ? ಹೋಗುವುದಿಲ್ಲ, ದನ ಮಾರುತ್ತಾರೆ. ಕಾಗದದಲ್ಲಿ ಸಂಘ ದೊಡ್ಡದಾಗುತ್ತದೆ, ಹಟ್ಟಿ ಖಾಲಿಯಾಗುತ್ತದೆ. ಸಂಗ್ರಹಣಾ ಕೇಂದ್ರ ಇಲ್ಲೇ ಉಳಿಯುತ್ತದೆ ಎಂದು ಬರಹದಲ್ಲಿ ಕೊಟ್ಟರೆ ಆಗ ಮಾತಾಡುವ.

ಎರಡನೆಯದು ಯುವಕ ಮಿತ್ರರದ್ದು. ಈ ವರ್ಷ ಲಾಭಾಂಶದಲ್ಲಿ ಊರಿನ ಹಿತಕ್ಕೆಂದು ತೆಗೆದಿಡುವ ಹಣಕ್ಕೆ ಎರಡು ಅರ್ಜಿ ಬಂದಿದೆ. ಒಂದು, ದೊಡ್ಡ ಮಟ್ಟದ ಹೊನಲು ಬೆಳಕಿನ ಪಂದ್ಯಾಟ, ಹೊರಗಿನ ಆಟಗಾರರು, ಸಂಘದ ಹೆಸರಿನಲ್ಲಿ ದೊಡ್ಡ ಕಪ್. ಇನ್ನೊಂದು ಅರ್ಜಿ ಏಳು ಹುಡುಗಿಯರು ಸಹಿ ಹಾಕಿ ಕೊಟ್ಟದ್ದು. ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದಿದ್ದಾರೆ. ಈ ಮೈದಾನದ ಕೆಳಗಿನ ಬದಿಯ ಧರೆ ಜರಿದಿದೆ, ಚೆಂಡು ತೋಡಿಗೆ ಹೋಗುತ್ತದೆ, ಹೆಕ್ಕಲು ಹೋದರೆ ಕಾಲು ಜಾರುತ್ತದೆ, ತಡೆಗೋಡೆ ಕಟ್ಟಿಸಿ ಕೊಡಿ, ನಮಗೂ ಆಡಬೇಕು. ಇಷ್ಟೇ ಅರ್ಜಿ. ಅವರು ಸದಸ್ಯರಲ್ಲ, ಓಟಿಲ್ಲ, ಅವರ ತಾಯಂದಿರಲ್ಲಿ ಹೆಚ್ಚಿನವರು ಸದಸ್ಯರು.

ನನ್ನ ಅಭಿಪ್ರಾಯ ತಡೆಗೋಡೆಗೆ. ಹೊನಲು ಬೆಳಕು ಒಂದು ರಾತ್ರಿ ಇರುತ್ತದೆ, ಬೆಳಿಗ್ಗೆ ಶಾಮಿಯಾನದವ ಬಿಚ್ಚಿಕೊಂಡು ಹೋಗುತ್ತಾನೆ. ಕಲ್ಲು ಕಟ್ಟಿದ ಗೋಡೆ ನಾಲ್ಕು ಮಳೆಗಾಲವಾದರೂ ನಿಲ್ಲುತ್ತದೆ, ಗುತ್ತಿಗೆದಾರ ಸಿಮೆಂಟು ಸರಿಯಾಗಿ ಹಾಕಿದರೆ. ಅದನ್ನು ನಿಂತು ನೋಡಲು ನಾನು ಬರುತ್ತೇನೆ, ಶ್ರಮದಾನಕ್ಕೆ ಜೆರ್ಸಿ ಹಾಕಿದವರೂ ಬರಬೇಕು. ಶಾಲೆಯ ಜಾಗವಾದ ಕಾರಣ ಇಲಾಖೆಯ ಒಪ್ಪಿಗೆ ಬೇಕು, ಅದಕ್ಕೆ ಮುಖ್ಯೋಪಾಧ್ಯಾಯರು ಕಾಗದ ಬರೆಯುತ್ತೇನೆ ಎಂದು ಒಪ್ಪಿದ್ದಾರೆ. ಪಂದ್ಯಾಟದ ಪರ ಇರುವವರು ತಮ್ಮ ವಾದವನ್ನು ಮಹಾಸಭೆಯಲ್ಲಿ ಎದ್ದು ನಿಂತು ಹೇಳಲಿ, ಡೈರಿಯ ಜಗಲಿಯಲ್ಲಿ ಅಲ್ಲ. ಹೆಚ್ಚು ಜನ ಪಂದ್ಯಾಟ ಬೇಕು ಎಂದರೆ ಪಂದ್ಯಾಟವೇ ಆಗಲಿ, ರಶೀದಿ ಪುಸ್ತಕ ಹಿಡಿದು ನಾನೂ ಮನೆಮನೆಗೆ ಬರುತ್ತೇನೆ.

ಮಹಾಸಭೆಯ ನೋಟೀಸು ಈ ವಾರ ಬರುತ್ತದೆ. ಕೋರಂ ಇಲ್ಲ ಎಂದು ಅರ್ಧ ಗಂಟೆ ಮುಂದೂಡುವುದು ನಮಗೆ ಅಭ್ಯಾಸವಾಗಿ ಹೋಗಿದೆ, ಈ ಸಲ ಹಾಗಾಗುವುದು ಬೇಡ. ಇನ್ನೊಂದು ಸೂಚನೆ, ಹದಿನೆಂಟು ತುಂಬಿದವರು, ಮನೆಯಲ್ಲಿ ಒಂದು ದನವಾದರೂ ಇದ್ದವರು, ಸದಸ್ಯತ್ವದ ಫಾರಂ ಕಾರ್ಯದರ್ಶಿಗಳ ಮೇಜಿನ ಮೇಲೆ ಉಂಟು. ಪಾಲು ಹಣ ಎಷ್ಟೆಂದು ಕೇಳಿ ನೋಡಿ, ನೀವು ಹಾಕಿರುವ ಆ ಅಂಗಿಯ ಕ್ರಯಕ್ಕಿಂತ ಕಡಿಮೆ.

ರೆಫ್ರಿಯವರು ಎರಡು ಸಲ ಗಡಿಯಾರ ನೋಡಿದರು. ಮೊದಲ ಪಂದ್ಯದ ಎರಡೂ ತಂಡದವರು ಮೈದಾನದ ಮಧ್ಯಕ್ಕೆ ಬರಬೇಕು. ಚೆಂಡು ತೋಡಿಗೆ ಹೋದರೆ ಹೆಕ್ಕಲಿಕ್ಕೆ ಇಬ್ಬರನ್ನು ಕೆಳಗೆ ನಿಲ್ಲಿಸಿದ್ದೇವೆ.